ಉಪ್ಪಿನ ರಸ್ತೆಯಲ್ಲಿ ಅತ್ತೆಯ ಸವಾರಿ

ಬೈಕ್ ಇಲ್ಲದವನಿಗಿಂತ, ಗರಾಜಿನಲ್ಲಿ ಬೈಕಿದ್ದೂ ಓಡಿಸಲಾಗದವನ ಪಾಡು ಕಷ್ಟ. ಕೋವಿಡ್ ಕಾಲದಲ್ಲಿ ಎಲ್ಲರೂ ಮನೆಯಲ್ಲಿ ಬ್ರೆಡ್ ಮಾಡಲು ಕಲಿಯುತ್ತಿದ್ದಾಗ ನಾನೊಂದು ಸೆಕೆಂಡ್ ಹ್ಯಾಂಡ್ ಬೈಕ್ ತಂದುಕೊಂಡೆ. ಏಪ್ರಿಲಿನಿಂದ ನವೆಂಬರಿನವರೆಗೆ ನಾನು ಮನುಷ್ಯನಂತೆಯೇ ಇರುತ್ತೇನೆ. ಡಿಸೆಂಬರ್ ಬಂತೆಂದರೆ ಬೋನಿಗೆ ಬಿದ್ದ ಇಲಿ. ಈ ಪರದೇಶದ ನಮ್ಮ ಸೆಂಟರ್‌ವಿಲ್‌ನಲ್ಲಿ ಹಿಮ ಬೀಳುವುದಕ್ಕಿಂತ ಹಿಮ ಬೀಳುತ್ತದೆಂಬ ಸುದ್ದಿ ಬರುವುದೇ ಹೆಚ್ಚು. ಸುದ್ದಿ ಬಂದರೂ ಸಾಕು, ಲಾರಿಗಳು ಹೊರಟು, ಹಿಮ ಹೆಪ್ಪುಗಟ್ಟದಿರಲೆಂದು ರಸ್ತೆಗೆಲ್ಲ ಉಪ್ಪು ಸುರಿಯುತ್ತವೆ. ಉಪ್ಪಿನಕಾಯಿಗೂ ನಾವು ಅಷ್ಟು ಹಾಕುವುದಿಲ್ಲ. ಹಿಮ ಕರಗಿದರೂ ಉಪ್ಪು ಕರಗದು. ತಿರುವುಗಳಲ್ಲಿ ಹರಳುಹರಳಾಗಿ ಕುಳಿತು ಒಂದು ಒಳ್ಳೆಯ ಮಳೆಗಾಗಿ ಕಾಯುತ್ತದೆ. ಕಾರಿನವರಿಗೆ ಅದು ಬರೀ ಕೊಳೆ. ಎರಡು ಚಕ್ರದವನಿಗೆ ಸಾಸಿವೆ ಚೆಲ್ಲಿದ ನೆಲ.

"ಮಳಿ ಬರೋತನಕ ಬೈಕ್ ಮುಟ್ಟಬ್ಯಾಡ್ರಿ," ಎಂದು ನನ್ನ ಹೆಂಡತಿ ಶೈಲಾ ತಾಕೀತು ಮಾಡಿದ್ದಳು. ಅವಳು ಮೂಳೆ ಡಾಕ್ಟರು. "ಡ್ಯೂಟಿ ಮ್ಯಾಲೆ ನಿಮ್ಮ ಎಕ್ಸ್‌ರೇ ನೋಡೋ ಆಸೆ ನನಗಿಲ್ಲ."

ಆ ಚಳಿಗಾಲ ಗದಗಿನಿಂದ ಅತ್ತೆ ಬಂದಿದ್ದರು. ಬೋನಿನೊಳಗಿನ ಇಲಿಗಳು ಎರಡಾದವು. ಊರಿನಲ್ಲಿ ಬಾಗಿಲು ತೆರೆದರೆ ಇಡೀ ಓಣಿಯೇ ಮಾತಿಗೆ ಸಿಗುತ್ತಿದ್ದ ಅವರಿಗೆ ಇಲ್ಲಿ ಕಿಟಕಿಯಲ್ಲಿ ಕಾಣುವುದು ಎದುರು ಮನೆಯ ನಾಯಿ ಮಾತ್ರ. ಅದೂ ಸ್ವೆಟರ್ ತೊಟ್ಟು ಬಂದು, ಕೆಲಸ ಮುಗಿಸಿ ಒಳಗೋಡುತ್ತದೆ. ಒಂದು ದಿನ ಊಟಕ್ಕೆ ಕೂತಾಗ ಅತ್ತೆ, "ಶೈಲಾ, ನನ್ನ ಟಿಕೆಟ್ ಮುಂಚೆಕ ಮಾಡಿಸಿಬಿಡವಾ, ನಾ ಊರಿಗೆ ಹೊಕ್ಕೀನಿ," ಎಂದುಬಿಟ್ಟರು. ಶೈಲಾ "ಹೂಂ" ಎಂದಳು. ಆಮೇಲೆ ಸಿಂಕಿನ ಮುಂದೆ ನಿಂತು, ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆದಳು.

ಮುಂದಿನ ಶನಿವಾರ ಚೆನ್ನಾಗಿ ಬಿಸಿಲು ಬಿತ್ತು. ನೈಟ್ ಡ್ಯೂಟಿಗೆ ಹೋಗಿದ್ದ ಶೈಲಾ ಇನ್ನೂ ಬಂದಿರಲಿಲ್ಲ. ನಾನು ಗರಾಜಿಗೆ ಹೋಗುವುದು, ಬೈಕಿನ ಸೀಟು ಒರೆಸುವುದು, ರಸ್ತೆ ನೋಡಿ ನಿಟ್ಟುಸಿರು ಬಿಟ್ಟು ಒಳಬರುವುದು ಮಾಡುತ್ತಿದ್ದೆ.

"ಯಾಕ್ರಿ ಅಳಿಯಂದ್ರ, ಬೆಕ್ಕು ಮರಿ ಹೊತ್ಕೊಂಡು ತಿರುಗಿದಂಗ ಒಳಗ ಹೊರಗ ಅಡ್ಡಾಡಾಕತ್ತೀರಿ?" ಎಂದರು ಅತ್ತೆ.

"ಬಿಸಿಲು ಬಂದಿದೆ ಅತ್ತೆ. ಆದ್ರೆ ರೋಡಲ್ಲೆಲ್ಲ ಉಪ್ಪು."

"ಇದ್ರ ಏನಾತು? ನಾವೇನು ರಸ್ತಾ ನೆಕ್ಕಾಕ ಹೊಂಟೀವೇನು?"

ಆ "ನಾವು" ನನ್ನ ತಲೆಗೆ ಹೋಗುವುದು ಸ್ವಲ್ಪ ತಡವಾಯಿತು. ಸೀರೆ ಉಟ್ಟು ಒಂದೇ ಕಡೆ ಕಾಲು ಹಾಕಿ ಕೂರುವಂತಿಲ್ಲ ಎಂದೆ. ಅಲ್ಲಿಗೆ ಮಾತು ಮುಗಿಯಬೇಕಿತ್ತು. ಅತ್ತೆ ಮಹಡಿ ಹತ್ತಿ ಹೋದವರು ಮಗಳ ಪ್ಯಾಂಟು, ನನ್ನ ಜಾಕೆಟ್ಟು, ಹಣೆಯಲ್ಲಿ ವಿಭೂತಿಯೊಂದಿಗೆ ಇಳಿದು ಬಂದರು. ಜನ್ಮದಲ್ಲಿ ಮೊದಲ ಸಲ ಪ್ಯಾಂಟು ತೊಟ್ಟವರ ನಾಚಿಕೆ ಎಳ್ಳಷ್ಟೂ ಇರಲಿಲ್ಲ. ಶೈಲಾಳ ಹೆಲ್ಮೆಟ್ ತೊಡಿಸಿದೆ. ಬುದ್ಧಿ ಬೇಡವೆನ್ನುತ್ತಿತ್ತು, ಕೈ ಆಗಲೇ ಬೈಕ್ ಸ್ಟಾರ್ಟ್ ಮಾಡಿತ್ತು.

ನಾನು ಉಪ್ಪಿಗೆ ಹೆದರಿ ಹೆದರಿ ಓಡಿಸುತ್ತಿದ್ದರೆ ಹಿಂದಿನಿಂದ, "ನಮ್ಮೂರ ಎತ್ತಿನ ಚಕ್ಕಡಿ ಇದಕ್ಕಿಂತ ಜೋರ ಹೊಕ್ಕಾವ್ರಿ," ಎಂಬ ಟೀಕೆ. ನಾಯಿ ಹಿಡಿದು ನಡೆಯುವವರಿಗೆಲ್ಲ ಅತ್ತೆ ಕೈಯೆತ್ತಿ, "ಆರಾಮ ಅದೀರೇನ್ರಿ?" ಎಂದು ಕೂಗುತ್ತಿದ್ದರು. ಅವರೂ ಕೈಬೀಸುತ್ತಿದ್ದರು. ಒಬ್ಬ ಮುದುಕ ಟೋಪಿಯನ್ನೇ ತೆಗೆದ. ಹುರುಪಿನಲ್ಲಿ ನಾನೂ ಸ್ವಲ್ಪ ಮೈಮರೆತಿರಬೇಕು. ಅಂಗಡಿಸಾಲಿನ ತಿರುವಿನಲ್ಲಿ ಹಿಂದಿನ ಚಕ್ರ ತನ್ನ ದಾರಿ ತಾನು ಹಿಡಿಯಿತು. ಕಾಲು ಊರಿದೆ, ಕಾಲೂ ಜಾರಿತು. ರಸ್ತೆಯಂಚಿಗೆ ಬಳಿದು ಹಾಕಿದ್ದ ಕೊಳಕು ಹಿಮದ ರಾಶಿಯ ಮೇಲೆ ಬೈಕು, ದಣಿದ ಎಮ್ಮೆಯಂತೆ, ನಿಧಾನವಾಗಿ ಮಲಗಿತು. ನಾನು ಎದ್ದು ಹಿಂದೆ ನೋಡಿದೆ.

"ಇಲ್ಲೇ ಇಳಿಯೋದೇನ್ರಿ?" ಎಂದು ಹಿಮದ ಮೇಲೆ ಕುಳಿತಿದ್ದ ಅತ್ತೆ ಕೇಳಿದರು.

ಅವರನ್ನು ಎಬ್ಬಿಸಿ, ಬೈಕ್ ಎತ್ತಲು ಹೆಣಗುತ್ತಿದ್ದಾಗ ಪಕ್ಕದಲ್ಲಿ ಒಂದು ಕಾರು ನಿಂತಿತು. ಡ್ಯೂಟಿ ಮುಗಿಸಿ ಬರುತ್ತಿದ್ದ ಶೈಲಾ. ನನ್ನತ್ತ ನೋಡಲೂ ಇಲ್ಲ. ತಾಯಿಯ ಮಣಿಕಟ್ಟು, ಮೊಣಕೈ, ಮಂಡಿ ಒತ್ತಿ ಒತ್ತಿ ನೋಡಿದಳು. "ಅವ್ವಾ, ಎಲ್ಲರೆ ನೋವೈತೇನು?" ಎಂದು ಕೇಳಿ ಮತ್ತೆ ಮಣಿಕಟ್ಟಿನಿಂದ ಶುರು ಮಾಡಿದಳು.

"ಏನೂ ಇಲ್ಲವಾ. ಅವರಿಗೆ ಬೈಬ್ಯಾಡ, ನಾನ ಹೊರಡಿಸೀನಿ. ಭಾಳ ದಿನಕ್ಕ ಮಂದಿ ಮಾರಿ ನೋಡಿದೆ ನೋಡು."

ಶೈಲಾ ತಾಯಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕಣ್ಣೊರೆಸಿಕೊಂಡು, ನಕ್ಕುಬಿಟ್ಟಳು. "ಅವ್ವಾ, ನನ್ನ ಪ್ಯಾಂಟ್ ಹಿಂದಮುಂದ ಹಾಕ್ಕೊಂಡಿ!" ಆಮೇಲೆ ನನ್ನ ಕಡೆ ತಿರುಗಿ, "ನಿಂತೀರಿ ಅಂದ್ರ ನಿಮಗೂ ಫ್ರ್ಯಾಕ್ಚರ್ ಇಲ್ಲ. ಮನೀಗೆ ಬಂದು ಕೀ ಕೊಡ್ರಿ," ಎಂದಳು.

ಮನೆಯಲ್ಲಿ ನಾನು ಪೈಪು ಹಿಡಿದು ಬೈಕಿನ ಉಪ್ಪು ತೊಳೆಯುವಾಗ ಅತ್ತೆ, "ಉಪ್ಪು ತಿಂದೈತಿ, ನೀರು ಕುಡಿಯಾಕಬೇಕು," ಎಂದು ಮೇಲ್ವಿಚಾರಣೆ ನಡೆಸಿದರು. ಟಿಕೆಟ್ಟಿನ ಮಾತು ಮತ್ತೆ ಬರಲಿಲ್ಲ.

ಕೆಲವು ದಿನಗಳಲ್ಲಿ ರಾತ್ರಿಯಿಡೀ ಮಳೆ ಸುರಿದು ರಸ್ತೆ ಕಪ್ಪಗೆ ಹೊಳೆಯಿತು. ಅದು ಒಣಗುವುದನ್ನೇ ಕಾದು ನಾನು ಜಾಕೆಟ್ ಹುಡುಕುತ್ತಿದ್ದರೆ ಗರಾಜಿನಲ್ಲಿ ಗುಡುಗುಡು ಸದ್ದು. ಬೈಕಿನ ಮೇಲೆ ಶೈಲಾ. ಬೈಕ್ ಲೈಸೆನ್ಸಿನ ಪರೀಕ್ಷೆಯನ್ನು ಶೈಲಾ ನನಗಿಂತ ಮೊದಲೇ ಪಾಸು ಮಾಡಿದ್ದಳೆಂಬುದನ್ನು ನಾನು ಯಾರಿಗೂ ಹೇಳುವುದಿಲ್ಲ. ಅವಳ ಹಿಂದೆ ಅತ್ತೆ, ಈ ಸಲ ಪ್ಯಾಂಟು ಸರಿಯಾಗಿ ತೊಟ್ಟು.

"ಬ್ಯಾಳಿ ಇಟ್ಟೀನ್ರಿ, ಕುಕ್ಕರ್ ಕಡೆ ಲಕ್ಷ್ಯ ಇರಲಿ," ಎಂದವಳೇ ಹೊರಟುಬಿಟ್ಟಳು.

ನಾನು ಕಿಟಕಿಯ ಬಳಿ ನಿಂತೆ. ಆ ತಿರುವಿನಲ್ಲಿ ಉಪ್ಪು ಪೂರ್ತಿ ತೊಳೆದು ಹೋಗಿದೆಯೋ ಇಲ್ಲವೋ? ಇಷ್ಟು ಹೊತ್ತು ಬೇಕೇ? ಫೋನಾದರೂ ಮಾಡಬಾರದೇ? ಹೊಣೆಯೆಂಬುದೇ ಇಲ್ಲದ ಜನ! ಹೀಗೆ ಗೊಣಗುತ್ತ ಬಾಗಿಲಿಗೂ ಕಿಟಕಿಗೂ ಅಲೆಯುತ್ತಿದ್ದಾಗ, ಬೇಳೆ ಸೀದ ವಾಸನೆ ಮೂಗಿಗೆ ಬಡಿಯಿತು.