ಅಳಿಯ ಕೊಟ್ಟ ಫೋನೂ ಬೇಡವೆನ್ನುವ ಹುಡುಗಿಯೂ

ಗಂಡು ಹೆಣ್ಣು ಕೂಡಿಸುವ ಕೆಲಸಕ್ಕೆ ಕೈ ಹಾಕಿದವರು ನಗುವುದಕ್ಕೆಂದು ಎಲ್ಲೂ ಹೋಗಬೇಕಾಗಿಲ್ಲ. ವಾರಕ್ಕೊಂದು ಪ್ರಸಂಗ ತಾನಾಗಿಯೇ ಬಾಗಿಲಿಗೆ ಬರುತ್ತದೆ. ನಾನು ಮಧುಗಿರಿಯಲ್ಲಿ ಅಂಗನವಾಡಿ ಟೀಚರಾಗಿದ್ದು ನಿವೃತ್ತಳಾದವಳು. ಆಗ ನನ್ನ ಕೈಯಲ್ಲಿ ಉಪ್ಪಿಟ್ಟು ತಿಂದ ಮಕ್ಕಳೇ ಈಗ ಮೀಸೆ ಬಿಟ್ಟುಕೊಂಡು ಬಂದು, "ಮಿಸ್, ನಮಗೊಂದು ಹೆಣ್ಣು ನೋಡಿ" ಅನ್ನುತ್ತಾರೆ. ಉಪ್ಪಿಟ್ಟು ಕೊಟ್ಟವಳು ಹೆಣ್ಣನ್ನೂ ಹುಡುಕಿಕೊಡಬೇಕು ಎಂದು ಅವರ ಎಣಿಕೆ.

ಹೋದ ವರ್ಷ ಅಳಿಯ ಹೊಸ ಫೋನು ಕೊಂಡು, ತಾನು ಬಳಸಿದ್ದ ದುಬಾರಿ ಕಂಪನಿಯ ಫೋನನ್ನು ನನಗೆ ದಾಟಿಸಿದ. "ಅತ್ತೆ, ಇದನ್ನ ಒಂದ್ಸಲ ಹಿಡಿದ್ರೆ ನಿಮ್ಮ ಆ ಕಂಪನಿ ಕಡೆ ತಿರುಗಿ ನೋಡಲ್ಲ" ಎಂದ. ಏಳು ವರ್ಷ ದುಡಿದ ನನ್ನ ಫೋನಿನ ಗಾಜು ಸೀಳುಬಿಟ್ಟಿತ್ತು. ಸರಿ ಎಂದು ಒಪ್ಪಿಕೊಂಡೆ.

ಅದೇ ವಾರ ಕೊರಟಗೆರೆಯ ಒಬ್ಬ ಹುಡುಗಿ ನನಗೆ ಗಡುವು ಹಾಕಿದಳು. ಆಸ್ಪತ್ರೆಯಲ್ಲಿ ನರ್ಸು, ಮೂವತ್ಮೂರು ವರ್ಷ. ನಾಲ್ಕು ವರ್ಷದಲ್ಲಿ ನಾನು ತೋರಿಸಿದ ಹದಿನೇಳು ಹುಡುಗರನ್ನು ಬೇಡ ಎಂದವಳು. "ಫೋಟೋದಲ್ಲಿ ಎಲ್ಲರೂ ಒಳ್ಳೆಯವರೇ ಮಿಸ್. ಅದ್ರಲ್ಲಿ ಏನು ಗೊತ್ತಾಗುತ್ತೆ? ಇನ್ನು ಮೂರು ಜನರದ್ದು ತನ್ನಿ, ನೋಡ್ತೀನಿ. ಆಮೇಲೆ ನಮ್ಮನೆಗೆ ಬರೀ ಕಾಫಿ ಕುಡಿಯೋಕೆ ಬನ್ನಿ" ಎಂದಳು. ಒಳಗೆ ಅವಳ ತಾಯಿ ಹೊಲಿಗೆ ಯಂತ್ರ ನಿಲ್ಲಿಸಿ ಕಣ್ಣೊರೆಸಿಕೊಂಡಳು. ನನಗೂ ಸಂಕಟವಾಯಿತು. ಮದುವೆಯಾಗಬೇಕೆಂಬ ಆಸೆ ಆ ಹುಡುಗಿಗೆ ಇತ್ತೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹನ್ನೊಂದು ನಂಬರಿನ ತಂದೆ

ಹಳೇ ಫೋನಿನಲ್ಲಿದ್ದ ನಂಬರುಗಳನ್ನು ಹೊಸದಕ್ಕೆ ಹಾಕಿಸಲು ಶಿರಾದ ಪರಿಚಯದ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು, "ಫಿಕರ್ ಮಾಡ್ಬೇಡಿ ಅಮ್ಮಾ, ಅಲ್ಲಿದ್ದಿದ್ದು ಇಲ್ಲಿ ಬರ್ತದೆ" ಎಂದು ಎರಡನ್ನೂ ಪಕ್ಕಪಕ್ಕ ಮಲಗಿಸಿದರು.

ನಾನು ಹೆಸರು ಬರೆದಿಟ್ಟುಕೊಳ್ಳುವವಳಲ್ಲ. ಹೆಣ್ಣಿನ ಕಡೆಯವರೆಲ್ಲ "ಹುಡುಗಿ ತಂದೆ". ಯಾವ ತಂದೆ ಎನ್ನುವುದು ಪಕ್ಕದಲ್ಲಿಟ್ಟ ಚಿತ್ರದಿಂದ ತಿಳಿಯುತ್ತಿತ್ತು. ಟ್ರ್ಯಾಕ್ಟರ್ ಅಂದರೆ ಒಬ್ಬರು, ಹಸು ಅಂದರೆ ಇನ್ನೊಬ್ಬರು. ಒಂದೇ ಹೆಸರಿನವರನ್ನೆಲ್ಲ ಸೇರಿಸಿ ಒಂದು ಮಾಡಲೇ ಎಂದು ಹೊಸ ಫೋನು ಕೇಳಿತು. ಪರಿಚಯವಾದ ದಿನವೇ ಬೇಡ ಅನ್ನುವುದು ಚೆನ್ನಾಗಿರುವುದಿಲ್ಲ ಎಂದು ಹೂಂ ಒತ್ತಿದೆ.

ಸಾಹೇಬರು ನೋಡಿ, "ಅಮ್ಮಾ, ಇವರೊಬ್ರಿಗೇ ಹನ್ನೊಂದು ನಂಬರ್ ಐತೆ. ಯಾರು ಈ ಸೇಠು?" ಎಂದರು.

ಟ್ರ್ಯಾಕ್ಟರೂ ಇಲ್ಲ, ಹಸುವೂ ಇಲ್ಲ. ಯಾರೆಂದು ಮಾತಿನಲ್ಲೇ ತಿಳಿದುಕೊಳ್ಳೋಣ ಎಂದು ಮೊದಲ ನಂಬರಿಗೆ ಮಾಡಿದೆ. "ನಮಸ್ಕಾರ, ನಾನು ಮಧುಗಿರಿ ಮಿಸ್ಸು. ಮಗಳಿಗೆ ಇನ್ನೊಂದು ಕಡೆ ನೋಡೋಣವಾ?" ಎಂದೆ.

ಆ ಕಡೆಯಿಂದ ಪಾವಗಡದ ದನಿ. "ಏಮ್ ಮಿಸ್ಸೂ, ಹೋದ ತಿಂಗ್ಳು ನೀವೇ ನಿಂತು ಧಾರೆ ಎರೆಸಿದ್ರಲ್ಲ. ಒಂದು ಕಡೆ ಸಾಲಲ್ವಾ?"

ಉಗುಳಿದ ಫೋಟೋ

ಫೋಟೋಗಳನ್ನು ನಾನು ವಾಟ್ಸಾಪಿನಲ್ಲಿ ಕಳಿಸುವುದಿಲ್ಲ, ಕಳಿಸಿದರೆ ಊರೆಲ್ಲ ಸುತ್ತುತ್ತವೆ. ನನ್ನ ಫೋನಿನಲ್ಲೇ ತೆಗೆದು, ನನ್ನ ಫೋನಿನಲ್ಲೇ ತೋರಿಸುತ್ತೇನೆ. ಹಳೇ ಫೋನು ಪುಣ್ಯಾತ್ಮ, ಮೊಡವೆ ಗಿಡವೆ ಎಲ್ಲ ತಾನೇ ಅಳಿಸಿಬಿಡುತ್ತಿತ್ತು. ಹೊಸದಕ್ಕೆ ಆ ದಾಕ್ಷಿಣ್ಯ ಇರಲಿಲ್ಲ.

ನರ್ಸು ಹುಡುಗಿಗೆ ಮೊದಲು ತೋರಿಸಿದ್ದು ಮಧುಗಿರಿಯ ಒಬ್ಬ ಗುಮಾಸ್ತನನ್ನು. ಇಸ್ತ್ರಿ ಅಂಗಿ, ಹಣೆಗೆ ವಿಭೂತಿ, ಕೈಕಟ್ಟಿ ನಿಂತಿದ್ದ. "ಒಂದು ದುರಭ್ಯಾಸ ಇಲ್ಲ ಕಣಮ್ಮ" ಎಂದು ನಾನು ಹೇಳುತ್ತಿದ್ದೆ. ಅವಳು ಮುಖ ದೊಡ್ಡದು ಮಾಡಿ ನೋಡಲು ಫೋಟೋದ ಮೇಲೆ ಬೆರಳು ಒತ್ತಿ ಹಿಡಿದಳು. ಫೋಟೋ ಅಲ್ಲಾಡಿತು. ಗುಮಾಸ್ತ ಪಕ್ಕಕ್ಕೆ ತಿರುಗಿ ಬಾಯಿತುಂಬ ಇದ್ದ ಗುಟ್ಕಾ ಪಿಚಕ್ಕನೆ ಉಗುಳಿದ. ಬಾಯೊರೆಸಿಕೊಂಡ. ಆಮೇಲೆ ಕೈಕಟ್ಟಿ ಸಭ್ಯನಾದ.

ನಾನು ಗಾಬರಿಯಾಗಿ ಅಳಿಯನಿಗೆ ಫೋನು ಮಾಡಿದೆ. ಫೋಟೋ ತೆಗೆಯುವ ಮುಂಚಿನ ಒಂದೆರಡು ಕ್ಷಣವನ್ನೂ ಈ ಫೋನು ದನಿ ಸಮೇತ ಹಿಡಿದಿಡುತ್ತದಂತೆ. "ಬೇಡಾಂದ್ರೆ ಅದನ್ನ ಆಫ್ ಮಾಡ್ಬಹುದು ಅತ್ತೆ" ಎಂದ.

ಹುಡುಗಿ ನನ್ನ ಕೈ ಹಿಡಿದುಕೊಂಡಳು. "ಆಫ್ ಮಾಡ್ಬೇಡಿ ಮಿಸ್. ನಾಲ್ಕು ವರ್ಷದಿಂದ ನಾನು ಕೇಳ್ತಿದ್ದಿದ್ದು ಇದನ್ನೇ."

ಗೊರವನಹಳ್ಳಿಯ ತಾಯಿ ಮಗ

ಎರಡನೆಯವನ ಫೋಟೋ ಗೊರವನಹಳ್ಳಿ ದೇವಸ್ಥಾನದ ಮುಂದೆ ತೆಗೆದಿದ್ದೆ. ತಾಯಿಯನ್ನು ಕಂಡರೆ ಪ್ರಾಣ ಬಿಡುವ ಹುಡುಗ ಎಂದು ಅವರ ಕಡೆಯವರು ಹೇಳಿದ್ದನ್ನು ಹಾಗೇ ಒಪ್ಪಿಸಿದೆ. ಹುಡುಗಿ ಮಾತಾಡದೆ ಬೆರಳು ಒತ್ತಿದಳು.

"ಅತ್ಲಾಗ್ ಸರ್ಕಳಮ್ಮೋ, ನಿನ್ ಮೂತಿ ಯಾರಿಗ್ ಬೇಕು" ಎಂದಿತು ಫೋಟೋ. ಮೂಲೆಯಲ್ಲಿ ಒಂದು ಸೆರಗು ಅವಸರವಾಗಿ ಆಚೆ ಸರಿಯಿತು.

ಹುಡುಗಿ ಫೋನು ನನ್ನ ಕೈಗಿಟ್ಟು, "ಪ್ರಾಣ ಬಿಡೋದು ಆ ತಾಯಿನೇ ಇರಬೇಕು ಮಿಸ್" ಎಂದಳು. ಲೆಕ್ಕ ಹತ್ತೊಂಬತ್ತಕ್ಕೆ ಬಂತು. ಉಳಿದದ್ದು ಒಂದೇ ಫೋಟೋ. ಆ ದಿನ ಹುಡುಗಿಯ ತಾಯಿ ಕೊಟ್ಟ ಕಾಫಿ ನನಗೆ ಇಳಿಯಲಿಲ್ಲ.

ಬಲಸಮುದ್ರದ ತಟ್ಟೆ

ಮೂರನೆಯವನು ಪಾವಗಡದ ಬಲಸಮುದ್ರದವನು. ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಪ್ಯಾನಲ್ ತೊಳೆಸುವ ಮೇಸ್ತ್ರಿ, ಮೂವತ್ತಾರು ವರ್ಷ. ಎಂಟೊಂಬತ್ತು ಕಡೆ ಬೇಡ ಅನ್ನಿಸಿಕೊಂಡು ಅವನಿಗೆ ಅದು ಅಭ್ಯಾಸವಾಗಿಹೋಗಿತ್ತು. ನಾನು ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗುವಷ್ಟರಲ್ಲಿ ಫೋನಿನ ಚಾರ್ಜು ಮುಗಿಯುತ್ತಾ ಬಂದಿತ್ತು, ವೈರು ಮನೆಯಲ್ಲೇ ಮರೆತಿದ್ದೆ.

ಹುಡುಗನ ತಾಯಿ ಧೈರ್ಯ ಹೇಳಿ ಬೀದಿಗೆ ಹೋದಳು. ಮನೆಮನೆಯ ಚಾರ್ಜರುಗಳನ್ನು ಎತ್ತಿಕೊಂಡು, ತಾಂಬೂಲದ ತಟ್ಟೆಯಲ್ಲಿ ಜೋಡಿಸಿ ತಂದು ನನ್ನ ಮುಂದಿಟ್ಟಳು. ಹಿಂದೆ ಚಾರ್ಜರಿನ ಮಾಲೀಕರೂ ಬಂದರು. ಒಂದೊಂದನ್ನೇ ಸಿಕ್ಕಿಸಿ ನೋಡಿದೆವು. ಅಳಿಯನ ಕಂಪನಿಯವರ ತೂತೇ ಬೇರೆ, ಯಾವುದೂ ಕೂರಲಿಲ್ಲ.

ತಾಯಿ ನೊಂದುಕೊಂಡಳು. "ಅದೇಮ್ ಫೋನಮ್ಮಾ ಅದು? ರಾಜ್ಯಕ್ಕೆಲ್ಲ ಕರೆಂಟ್ ಕಳ್ಸೋ ಊರು ನಮ್ದು. ಇದ್ರ ಹೊಟ್ಟೆ ತುಂಬ್ಸಾಕ್ ಆಗ್ಲಿಲ್ವಲ್ಲ."

ಹುಡುಗನನ್ನು ಗೋಡೆ ಮುಂದೆ ನಿಲ್ಲಿಸಿ ಅವಸರದಲ್ಲಿ ಒಂದೇ ಒಂದು ಫೋಟೋ ತೆಗೆದೆ. ಫೋನು ಕಪ್ಪಾಯಿತು. ಏನು ಬಂತು, ಹೇಗೆ ಬಂತು ನನಗೆ ಗೊತ್ತಿಲ್ಲ. ಇನ್ನೊಂದು ತೆಗೆಯುವ ಹಾಗೂ ಇರಲಿಲ್ಲ. ಚಾರ್ಜರಿನವರಿಗೆಲ್ಲ ಮಜ್ಜಿಗೆ ಕೊಟ್ಟು ಕಳಿಸಿದರು.

ಹತ್ತೊಂಬತ್ತು

ಕೊರಟಗೆರೆಯಲ್ಲಿ ಹುಡುಗಿಯ ಕೈಗೆ ಫೋನು ಕೊಟ್ಟು ನಾನು ಗೋಡೆ ಕಡೆ ನೋಡುತ್ತ ಕೂತೆ. ಫೋಟೋದಲ್ಲಿ ಹುಡುಗನ ಒಂದು ಕಣ್ಣು ಅರ್ಧ ಮುಚ್ಚಿತ್ತು. ತಾಯಿ ಹೊಲಿಗೆ ಬಿಟ್ಟು ಬಾಗಿಲಲ್ಲಿ ನಿಂತಿದ್ದಳು. ಹುಡುಗಿ ಬೆರಳು ಒತ್ತಿದಳು.

"ಬೇಡ ಅಂದ್ರೆ ನೀವ್ ಬೇಜಾರಾಗ್ಬೇಡಿ ಮಿಸ್ಸೂ" ಎಂದು ಹುಡುಗ ನನಗೆ ಸಮಾಧಾನ ಹೇಳಿ ನೆಟ್ಟಗೆ ನಿಂತ.

ಅವಳು ಇನ್ನೊಂದು ಸಲ ಒತ್ತಿದಳು. ಮೂರನೇ ಸಲ ಒತ್ತುವಾಗ ನಗು ಬಂದುಬಿಟ್ಟಿತು. "ಇವರನ್ನ ಬರೋಕೆ ಹೇಳಿ ಮಿಸ್" ಎಂದಳು. ಹುಡುಗ ಆ ಭಾನುವಾರವೇ ಬಂದ. ಇಬ್ಬರೂ ಒಂದು ಗಂಟೆ ಮಾತಾಡಿದರು. ಹುಡುಗಿ ಒಪ್ಪಿದಳು. ಹುಡುಗನಿಗೆ ನಂಬಿಕೆ ಬರದೆ ನನ್ನನ್ನು ಎರಡು ಸಲ ಕೇಳಿದ.

ಮಂಡಿನೋವಿನಿಂದ ಅವನ ತಾಯಿಗೆ ಬಸ್ಸು ಹತ್ತಿ ಬರಲು ಆಗಿರಲಿಲ್ಲ. ಹುಡುಗಿಯನ್ನು ಫೋಟೋದಲ್ಲಾದರೂ ನೋಡಬೇಕು, ಆಮೇಲೆ ಒಪ್ಪಿಗೆ ಎಂದಳು. ನಾನು ಹೊಸದಾಗಿ ಒಂದು ಫೋಟೋ ತೆಗೆದು, ಈ ಸಲ ವೈರು ಹಿಡಿದುಕೊಂಡು ಬಲಸಮುದ್ರಕ್ಕೆ ಹೋದೆ. ಅಂಗಳದಲ್ಲಿ ಬೀದಿಯ ಹೆಂಗಸರೆಲ್ಲ ಕೂತಿದ್ದರು. ತಾಯಿ ಫೋಟೋ ನೋಡಿ, "ಲಕ್ಷಣವಾಗವ್ಳೆ" ಎಂದಳು. ಫೋಟೋ ಮಾತಾಡುವ ಸಂಗತಿ ಮಗನಿಂದ ಗೊತ್ತಾಗಿತ್ತು. ಹುಡುಗಿಯ ದನಿ ಕೇಳೋಣ ಎಂದು ಬೆರಳು ಒತ್ತಿದಳು.

ಹುಡುಗಿ ಮಾತಾಡಲಿಲ್ಲ. ಫೋಟೋ ತೆಗೆಯುತ್ತ ನಾನು ಅವಳ ತಾಯಿಗೆ ಹೇಳಿದ್ದು ಅಂಗಳದ ತುಂಬ ಕೇಳಿಸಿತು. "ಹತ್ತೊಂಬತ್ತು ಜನಕ್ಕೆ ಬೇಡ ಅಂದೋಳು ನಗೋದ್ ನೋಡಿ."

ಕಟ್ಟಿದ್ದನ್ನು ನನ್ನ ಬಾಯಿಂದಲೇ ಮುರಿದೆನಲ್ಲ ಎಂದು ಅಳು ಬರುವ ಹಾಗಾಯಿತು.

"ಹತ್ತೊಂಬತ್ತು ಜನವಾ ಟೀಚರಮ್ಮ?" ಎಂದಳು ತಾಯಿ.

"ಹೂಂ" ಎಂದೆ.

ಅವಳು ಮಂಡಿನೋವು ಮರೆತು ಎದ್ದು ನಿಂತು ಹೆಂಗಸರ ಕಡೆ ತಿರುಗಿದಳು. "ಕೇಳಿಸ್ಕಂಡ್ರಾ? ನನ್ ಮಗನ್ನ ಯಾರೂ ಒಪ್ಪಲ್ಲ ಅಂತಿದ್ರಲ್ಲ. ಹತ್ತೊಂಬತ್ತು ಜನನ ಬುಟ್ಟು ಇವನ್ನ ಆರಿಸ್ಕಂಡವ್ಳೆ." ಆಮೇಲೆ ಬಾಗಿಲಿಗೆ ಬಂದವರಿಗೆಲ್ಲ ಫೋಟೋ ಒತ್ತಿ ಒತ್ತಿ ಕೇಳಿಸಿದಳು. ವೈರು ತಂದದ್ದು ಒಳ್ಳೆಯದೇ ಆಯಿತು.

ನಾನು ಬಸ್ಸಿಗೆ ಹೊರಟಾಗ ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ಸೆರಗು ಹಿಡಿದು ನಿಲ್ಲಿಸಿದಳು. ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದಳು.

"ಅಲ್ಲ ಕಣಮ್ಮ, ಆ ಹತ್ತೊಂಬತ್ತು ಜನ ಇನ್ನೂ ಖಾಲಿ ಅವ್ರಾ? ನಮ್ಮನೇಲಿ ಮೂರು ಜನ ಹೆಣ್ ಮೊಮ್ಮಕ್ಳವ್ರೆ."