ಎದುರುಮನೆಯವರ ಸೊಂಟ

ವಯಸ್ಸಾದ ಮೇಲೆ ಸೊಂಟನೋವು ಯಾರಿಗೆ ಬರಲ್ಲ ಹೇಳಿ? ನನಗೂ ಬಂತು. ಆದರೆ ಆರ್‌ಪಿಸಿ ಲೇಔಟ್‌ನ ನಮ್ಮ ಎದುರುಮನೆಯವರಿಗೂ ಅದೇ ವಾರ ಬಂತು ನೋಡಿ, ಅಲ್ಲಿಂದ ಒಂದಲ್ಲ ಒಂದು ಆಗ್ತಾನೇ ಇದೆ. ನೋವನ್ನ ತಡ್ಕೊಬಹುದು, ಹೊಟ್ಟೆಕಿಚ್ಚನ್ನ ತಡೆಯೋದೇ ಕಷ್ಟ.

ರಿಪೋರ್ಟು

ಇಬ್ಬರೂ ಸ್ಕ್ಯಾನ್ ಮಾಡಿಸಿದೆವು. ಪಾರ್ಕಿನ ಬೆಂಚಲ್ಲಿ ಅವರು ಗತ್ತಿನಿಂದ, "ನಂದು ಡಿಸ್ಕು ಜಾರಿದೆ ಸಾರ್, ನರ ಒತ್ತುತ್ತಂತೆ" ಅಂದರು. ಸುತ್ತ ಕೂತವರೆಲ್ಲ ಅಯ್ಯೋ ಪಾಪ ಅಂದರು. ಎದುರುಮನೆಯವರು ನನ್ನ ಕಡೆ ತಿರುಗಿ, "ನಿಮ್ದು?" ಅಂದರು.

ನನ್ನ ಡಾಕ್ಟರು, "ವಯಸ್ಸಿಗೆ ತಕ್ಕ ಸವೆತ, ದಿನಾ ನಡೀರಿ" ಅಂದುಬಿಟ್ಟಿದ್ದರು. ಇದನ್ನ ಬೆಂಚಲ್ಲಿ ಹೇಳೋಕಾಗುತ್ತಾ? ವಾಪಸ್ ಹೋಗಿ, "ಇನ್ನೊಂದ್ಸಲ ನೋಡಿ ಸಾರ್, ಸ್ವಲ್ಪನಾದ್ರೂ ಜಾರಿರ್ಬೇಕು" ಅಂದೆ.

"ಜಾರಿಲ್ಲ ರೀ. ಯಾಕೆ, ಯಾರಿಗಾದ್ರೂ ಮಾತು ಕೊಟ್ಟಿದೀರಾ?" ಅಂದರು.

ಬೆಲ್ಟು

ಅವರು ಸೊಂಟದ ಬೆಲ್ಟನ್ನ ಶರ್ಟಿನ ಮೇಲೇ ಬಿಗಿದುಕೊಂಡು ಮೆಟ್ರೋ ಹತ್ತಿದರೆ ಹುಡುಗೀರೆಲ್ಲ, "ಕೂತ್ಕೊಳ್ಳಿ ಅಂಕಲ್" ಅಂತ ಏಳ್ತಿದ್ದರು. ನಂದು ಶರ್ಟಿನೊಳಗೆ. ಪಕ್ಕದಲ್ಲೇ ಕಂಬ ಹಿಡಿದು ಕೆಂಗೇರಿವರೆಗೂ ನಿಂತಿರ್ತಿದ್ದೆ.

ಸರಿ, ಮಾರನೇ ದಿನ ನಾನೂ ಮೇಲೇ ಕಟ್ಟಿಕೊಂಡು ಹೊರಟೆ. ಸ್ಟೇಷನ್ ಇನ್ನೂ ಬಂದಿರಲಿಲ್ಲ, ಮನೆ ಖಾಲಿ ಮಾಡುತ್ತಿದ್ದ ಒಬ್ಬರು ಬೆಲ್ಟು ನೋಡಿ ರಸ್ತೇಲೇ ತಡೆದರು. "ಈಗ ಬಂದ್ರಾ? ಲಾರಿ ಆಗ್ಲೇ ಬಂದು ನಿಂತಿದೆ. ಮೊದ್ಲು ಮಹಡಿಯಿಂದ ಬೀರು ಇಳಿಸ್ಬಿಡಿ!"

ಬಗ್ಗಿದ್ದು

ವ್ಯಾಯಾಮ ಮಾಡಿ ಮಾಡಿ ಅವರಿಗೆ ಕಾಲ್ಬೆರಳು ಮುಟ್ಟೋಕೆ ಬಂತು. ಆಮೇಲೆ ಮನೇಲಿ ನನ್ನ ಹೆಂಡತಿಯದ್ದು ಒಂದೇ ಹಾಡು: "ಅವರು ಎಷ್ಟು ಚೆನ್ನಾಗಿ ಬಗ್ತಾರೆ! ನೀವು ಚಪ್ಪಲಿ ಹಾಕ್ಕೊಳ್ಳೋಕೂ ನನ್ನ ಕರೀತೀರಿ."

ಒಂದು ಭಾನುವಾರ ಗಂಡ-ಹೆಂಡತಿ ಇಬ್ಬರೂ ನಮ್ಮ ಮನೆಗೆ ಕಾಫಿಗೆ ಬಂದರು. ಅವರ ಎದುರಿಗೂ ಇವಳು ಅದನ್ನೇ ಶುರು ಮಾಡಿದಳು. ನನಗೆ ರೇಗಿತು. "ಅದೇನು ಮಹಾ ವಿದ್ಯೆ?" ಅಂತ ಎದ್ದು ನಿಂತು ಬಗ್ಗಿಯೇಬಿಟ್ಟೆ. ಸೊಂಟ ಕಳಕ್ ಅಂತು. ಮೇಲೇಳೋಕೂ ಆಗಲಿಲ್ಲ, ಉಸಿರು ಬಿಟ್ಟು ಮಾತಾಡೋಕೂ ಆಗಲಿಲ್ಲ. ಕೈ ಮಾತ್ರ ಸೋಫಾದಲ್ಲಿ ಕೂತಿದ್ದ ಅವರ ಪಾದದ ಮೇಲಿತ್ತು.

ಅವರು ಗಾಬರಿಯಾಗಿ, "ಛೆ ಛೆ, ಇದೇನ್ ಸಾರ್! ನಾನು ನಿಮಗಿಂತ ಚಿಕ್ಕೋನು, ಏಳಿ" ಅಂದರು. ನಾನು ಏಳಲಿಲ್ಲ. ಅವರು ಕಾಫಿ ಲೋಟ ಪಕ್ಕಕ್ಕಿಟ್ಟರು. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟು, "ನೂರು ವರ್ಷ ಸುಖವಾಗಿ ಬಾಳಿ" ಅಂದರು.

ಅವರ ಹೆಂಡತಿ ಸೆರಗು ಸರಿಮಾಡಿಕೊಂಡು ಗಂಡನ ಪಕ್ಕ ಬಂದು ನಿಂತು, "ಬರೀ ಕೈಲಿ ಆಶೀರ್ವಾದ ಮಾಡ್ಬಾರ್ದು. ಒಂಚೂರು ಅಕ್ಷತೆ ಕೊಡ್ರೀ" ಅಂದರು.

ನನ್ನ ಹೆಂಡತಿ ದೇವರ ಮನೆಗೆ ಹೋಗಿ ತಂದೇಬಿಟ್ಟಳು.