ಡಬ್ಬಿಯ ಮುಚ್ಚಳದ ಮೇಲಿನ ಹೆಸರು

ನನಗೆ ಸಿಟ್ಟು ಜಾಸ್ತಿ ಎಂದು ಸಾಂಗ್ಲಿಯ ನಮ್ಮ ಓಣಿಯಲ್ಲಿ ಸುದ್ದಿ. ಶುದ್ಧ ಸುಳ್ಳು. (ಹಾಗೆ ಹೇಳಿದವರ ಜೋಳವನ್ನು ತುಸು ತರಿತರಿಯಾಗಿ ಬೀಸಿ ಕೊಡುತ್ತೇನೆ, ಅಷ್ಟೇ.) ಆರನೆಯ ಇಯತ್ತೆಗೇ ಶಾಲೆಗೆ ಕೈಮುಗಿದು ಹಿಟ್ಟಿನ ಗಿರಣಿ ಹಿಡಿದ ಈ ಜಗನ್ನಾಥ ಚೌಗುಲೆ ಕಥೆ ಬರೆಯುತ್ತಾನೆ ಎಂದರೆ ಜನ ನಗುತ್ತಾರೆ. ಸಿಟ್ಟು ಬರದೆ ಇನ್ನೇನು ಬರಬೇಕು?

ವರ್ಷಕ್ಕೊಂದು ಕಥೆ, ಪುಣೆಯ ಒಂದು ದೀಪಾವಳಿ ಸಂಚಿಕೆಗೆ. ಹದಿಮೂರು ವರ್ಷ ಕಳಿಸಿದೆ. ನಾನೇ ವಿಳಾಸ ಬರೆದು ಅಂಚೆಚೀಟಿ ಹಚ್ಚಿ ಜೊತೆಗಿಟ್ಟ ಲಕೋಟೆಯಲ್ಲಿ ಹದಿಮೂರೂ ಗೂಟಕ್ಕೆ ಮರಳುವ ಎಮ್ಮೆಯಂತೆ ದಾರಿ ತಪ್ಪದೆ ಮನೆಗೆ ಬಂದವು.

ಹದಿಮೂರನೆಯದು ಬಂದದ್ದು ಹೋದ ದೀಪಾವಳಿಯ ಮುನ್ನ, ಓಣಿಯ ಹೆಂಗಸರೆಲ್ಲ ಚಕ್ಕುಲಿಯ ಹಿಟ್ಟು ಬೀಸಿಸಲು ಸಾಲು ನಿಂತಾಗ. ಅವರೆದುರೇ ನನ್ನ ಹೆಸರಿದ್ದ ಮೇಲಿನ ಹಾಳೆಯನ್ನು ಚಿಂದಿ ಮಾಡಿ ಗರ್ಜಿಸಿದೆ: “ನನ್ನ ಹೆಸರು ಅಚ್ಚಿನಾಗ ಬರೂದ ಬ್ಯಾಡ!” (ಆ ಹೊತ್ತಿಗೆ ಅಸ್ತು ದೇವತೆಗಳು ಗಿರಣಿಯ ಮೇಲೆಯೇ ಹಾದುಹೋಗುತ್ತಿದ್ದಿರಬೇಕು.)

“ಅಹೋ, ಹರಿಯೂದಾದ್ರ ಪೂರಾ ಹರೀರಿ. ಒಂದ ಹಾಳಿ ಯಾಕ?” ಎಂದಳು ನನ್ನ ಹೆಂಡತಿ ಶೈಲಜಾ.

“ಉಳಿದದ್ದು ಚಕ್ಕುಲಿ ಎಣ್ಣಿ ಹೀರಾಕ ಇಟ್ಕೊ!”

ಒಂದು ವರ್ಷ ಕಳೆಯಿತು. ಮೊನ್ನೆ ಎದುರುಮನೆಯ ಲಿಮಯೆ ಕಾಕು ಹೊಸ ಸಂಚಿಕೆ ಹಿಡಿದು ಗಿರಣಿಗೆ ಬಂದರು. “ಏನೋ ಜಗು, ನಿನ್ನ ಹೇಣ್ತಿ ಇಷ್ಟು ಚಂದ ಬರೀತಾಳ, ಒಂದ ದಿನಾ ಬಾಯಿ ಬಿಡಲಿಲ್ಲಲ್ಲೊ!”

ನೋಡಿದೆ. ನನ್ನದೇ ಕಥೆ! ಹೆಂಡತಿಯ ಕ್ಷಮೆ ಕೇಳಲು ಹೋಗಿ ಪ್ರತಿ ಸಲವೂ ಬೈದು ಬರುವ ಸಿಡುಕ ಗಿರಣಿಯವನ ಕಥೆ. ಕೆಳಗೆ ಹೆಸರು: ಸೌ. ಶೈಲಜಾ ಜಗನ್ನಾಥ ಚೌಗುಲೆ. ಗಿರಣಿ ನಿಲ್ಲಿಸಿ ಮನೆಗೆ ಓಡಿದೆ.

“ಕಥಿ ಕಳ್ಳಿ!”

“ಒದರಬ್ಯಾಡ್ರಿ. ಎಣ್ಣಿಗೆ ಹಾಕೂ ಮುಂದ ಓದಿದೆ. ಓದಿದ ಮ್ಯಾಲ ಮನಸ್ಸಾಗಲಿಲ್ಲ. ನಮ್ಮಣ್ಣ ಪುಣೆಕ್ಕ ಹೊಂಟಿದ್ದ. ಡಬ್ಬಿ ತುಂಬ ಚಕ್ಕುಲಿ, ಮ್ಯಾಲ ನಿಮ್ಮ ಕಥಿ ಇಟ್ಟು ಸಂಪಾದಕರಿಗೆ ಕಳಿಸಿದೆ. ಚಕ್ಕುಲಿ ತಿನ್ನಾಕ ಕಥಿ ಎತ್ತಬೇಕಲ್ಲ?”

“ನನ್ನ ಹೆಸರು?”

“ಅದನ್ನ ನೀವಽ ಹರಿದಿದ್ರಿ. ಹದಿಮೂರು ವರ್ಷದಿಂದ ನಿಮ್ಮ ಅಕ್ಷರ ನೋಡ್ಯಾರ, ಗುರುತು ಹಿಡೀತಾರ ಅನ್ಕೊಂಡೆ.”

(ಹದಿಮೂರು ವರ್ಷ ಯಾರೂ ಕಥೆಯ ಒಂದು ಸಾಲನ್ನೂ ಓದಿರಲಿಲ್ಲ ಎಂಬ ಜ್ಞಾನೋದಯ ನನಗೆ ಆದದ್ದು ಆಗಲೇ.) ಡಬ್ಬಿಯೋ, ಮದುವೆಯಲ್ಲಿ ಅವಳ ಸೋದರಮಾವ ಕೊಟ್ಟದ್ದು. ಮುಚ್ಚಳದ ಮೇಲೆ ಅವಳ ಹೆಸರು ಕೊರೆಸಿ ಕೊಟ್ಟಿದ್ದ. ಸಂಪಾದಕ ಅದನ್ನೇ ಓದಿಕೊಂಡಿದ್ದ!

ಪಾಪ, ಶೈಲಜಾ ತಾನೇ ಗಿರಣಿಗೆ ಬಂದು ಎಲ್ಲರೆದುರು ಹೇಳಿದಳು: “ಕಥಿ ಇವರದು. ನಂದು ಚಕ್ಕುಲಿ ಅಷ್ಟ.”

ಕಾಕು ಕಣ್ಣೊರೆಸಿಕೊಂಡರು. “ನೋಡ್ರೇ, ಗಂಡನ ಮಾನ ಹೆಂಗ ಕಾಯ್ತಾಳ!”

“ಖರೇನ ನಂದಽ ಅದು!” ಎಂದು ನಾನು ಗುಡುಗಿದೆ.

“ಹಿಂಗ ಒದರ್ತೀ ಅಂತನಽ ಅಕಿ ಬರ್ದಾಳ” ಎಂದರು ಕಾಕು.

ಅಂದೇ ಸಂಪಾದಕನಿಗೆ ಬೆಂಕಿಯಂಥ ಪತ್ರ ಬರೆದೆ. ಬರೀ ಪತ್ರವನ್ನು ಅವರು ಓದುವುದಿಲ್ಲ ಎಂಬುದು ಈಗ ಗೊತ್ತಿತ್ತಲ್ಲ. ಚಕ್ಕುಲಿಯ ಮೇಲಿಟ್ಟೇ ಕಳಿಸಬೇಕು. “ನಿಮ್ಮ ಜಗಳಕ್ಕ ನನ್ನ ಚಕ್ಕುಲಿ ಇಲ್ಲ” ಎಂದಳು ಶೈಲಜಾ. ಕೈ ಸುಟ್ಟುಕೊಂಡು ನಾನೇ ಕರಿದೆ. ಬೇರೆ ಡಬ್ಬಿ ಸಿಗದೆ, ಅವಳಣ್ಣ ಪುಣೆಯಿಂದ ಮರಳಿ ತಂದಿದ್ದ ಅದೇ ಡಬ್ಬಿಗೆ ತುಂಬಿದೆ.

ಉತ್ತರ ಬಂತು, ಅವಳ ಹೆಸರಿಗೆ:

“ಶೈಲಜಾತಾಯಿ, ನಿಮ್ಮ ಯಜಮಾನರ ಪತ್ರ ಮುಟ್ಟಿತು. ನಿಮ್ಮ ಕಥೆಯ ಗಿರಣಿಯವರು ಇವರೇ ಎಂದು ಮೊದಲ ಸಾಲಿಗೇ ತಿಳಿಯಿತು. ಎಷ್ಟು ಸಹಜವಾಗಿ ಚಿತ್ರಿಸಿದ್ದೀರಿ! ಮುಂದಿನ ಕಥೆ ಬೇಗ ಕಳಿಸಿ. ಚಕ್ಕುಲಿ ಮಾತ್ರ ಈ ಸಲ ನಿಮ್ಮದಲ್ಲ, ಅವರೇ ಕರಿದಂತಿದೆ.”

ಇಷ್ಟು ವರ್ಷಗಳಲ್ಲಿ ನನ್ನ ಕೈ ಗುರುತು ಆ ಕಚೇರಿಗೆ ಸಿಕ್ಕಿದ್ದು ಅದೊಂದೇ ಸಲ.